ಜಿಪ್ಸಿ ಎಷ್ಟು ಎತ್ತರ ಇರಬೇಕು?

ಶಿವಾಜಿನಗರದ ಗುಜರಿ ಅಂಗಡಿಯೊಂದರ ಮುಂದೆ ಹಳೇ ಮಹೀಂದ್ರಾ ಜೀಪಿನ ಆಕ್ಸಲ್ ಬಿದ್ದಿತ್ತು. ಒಂದು ತುದಿ ಹಿಡಿದು ಎತ್ತಲು ನೋಡಿದೆ. ಮಿಸುಕಲಿಲ್ಲ. ಚಹಾ ಕುಡೀತಾ ಕೂತಿದ್ದ ಅಂಗಡಿಯ ಭಾಯ್ ನಕ್ಕರು.

"ಸಾರ್, ಅದು ಇಬ್ಬರು ಎತ್ತೋ ಮಾಲು. ನಿಮ್ಮ ಗಾಡಿ ಯಾವುದು?"

"ಜಿಪ್ಸಿ."

"ಜಿಪ್ಸಿಗೆ ಇದು ಯಾಕೆ?"

ಉತ್ತರ ನನ್ನ ಹತ್ತಿರ ಇತ್ತು. ಫೋನಲ್ಲಿ ಒಂದು ಸ್ಪ್ರೆಡ್‌ಶೀಟೇ ಇತ್ತು, ನಾಲ್ಕು ಬಣ್ಣದಲ್ಲಿ. ಆದರೆ ಅವರು ಕೇಳಿದ ಧಾಟಿಗೆ ಬಾಯಿ ಬರಲಿಲ್ಲ. "ಸುಮ್ಮನೆ ನೋಡ್ತಿದ್ದೆ" ಅಂದೆ.

ಆ ಗಲ್ಲಿ ನೋಡದವರಿಗೆ ಹೇಳಬೇಕು. ರಸೆಲ್ ಮಾರ್ಕೆಟ್ ಕಡೆಯಿಂದ ನಡೆದು ಬಂದರೆ ಹಣ್ಣು, ಮೀನು, ಅತ್ತರು ಎಲ್ಲದರ ವಾಸನೆ ದಾಟಿದ ಮೇಲೆ ಗ್ರೀಸ್ ವಾಸನೆ ಶುರುವಾಗುತ್ತೆ. ಬಾಗಿಲು ಒಂದು ಕಡೆ, ಬಂಪರ್ ಒಂದು ಕಡೆ, ಹೆಡ್‌ಲೈಟ್‌ಗಳು ಮಾಲೆ ಕಟ್ಟಿದ ಹಾಗೆ. ಕಾರಿನ ಯಾವ ಅಂಗ ಬೇಕೋ ಅದು. ನಮ್ಮ ಚಿಕ್ಕಪ್ಪ ಹೇಳೋರು, ಶಿವಾಜಿನಗರದಲ್ಲಿ ಗಾಡಿ ನಿಲ್ಲಿಸಿ ಬಿರಿಯಾನಿ ತಿನ್ನೋಕೆ ಹೋದರೆ, ಬರೋ ಹೊತ್ತಿಗೆ ನಿನ್ನದೇ ವೀಲ್ ಕ್ಯಾಪ್ ನಿನಗೇ ಮಾರ್ತಾರೆ ಅಂತ. ಎಲ್ಲಾ ಊರಲ್ಲೂ ಇರೋ ಜೋಕು ಅದು. ನನಗೆ ಮಾತ್ರ ಅಲ್ಲಿ ಯಾವತ್ತೂ ಮೋಸ ಆಗಿಲ್ಲ. ಅವತ್ತಂತೂ ಆ ಭಾಯ್ ವ್ಯಾಪಾರ ಮಾಡದೇ ನನ್ನ ದುಡ್ಡು ಉಳಿಸಿದರು.

ಜಿಪ್ಸಿ ಚಿಕ್ಕಪ್ಪನದು. 2007ರಲ್ಲಿ ಇಂದಿರಾನಗರದಲ್ಲಿದ್ದಾಗ ತಗೊಂಡಿದ್ದು, ಹಾಗಾಗಿ ಕೆಎ-03 ನಂಬರು. 1.3 ಲೀಟರ್ ಪೆಟ್ರೋಲ್ ಇಂಜಿನ್, ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್. ಮಾರುತಿಯವರು 1985ರಲ್ಲಿ ಬಿಟ್ಟ ಗಾಡಿ, ಮೂರು ದಶಕ ದಾಟಿದರೂ ಅಡಿಯಲ್ಲಿ ಇದೇ ವ್ಯವಸ್ಥೆ. 2019ರ ಹೊತ್ತಿಗೆ ನಮ್ಮಂಥವರಿಗೆ ಮಾರೋದು ನಿಂತಿತು. ಚಿಕ್ಕಪ್ಪ ಮಂಡಿನೋವು ಅಂತ ಓಡಿಸೋದು ಬಿಟ್ಟ ಮೇಲೆ ಕೀ ನನ್ನ ಕೈಗೆ ಬಂತು. ಆಫೀಸಿಗೆ ಮೆಟ್ರೋ, ಊರಿಗೆ ಜಿಪ್ಸಿ.

ಊರು ಅಂದರೆ ಅಮ್ಮನ ತವರು. ಸಕಲೇಶಪುರದಿಂದ ಬಿಸಿಲೆ ಕಡೆ ಹೋಗುವ ದಾರಿಯಲ್ಲಿ ಹೆತ್ತೂರು ದಾಟಿ, ಟಾರು ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಒಳಗೆ. ಅಜ್ಜಿ, ಸೋದರಮಾವ, ಸ್ವಲ್ಪ ಕಾಫಿ, ಸ್ವಲ್ಪ ಏಲಕ್ಕಿ, ಲೆಕ್ಕ ಇಲ್ಲದಷ್ಟು ಜಿಗಣೆ.

ಕಳೆದ ವರ್ಷ ಜುಲೈನಲ್ಲಿ ನಾನು ಅಲ್ಲೇ ಇದ್ದಾಗ ರಾತ್ರಿ ಹನ್ನೊಂದಕ್ಕೆ ಅಜ್ಜಿಗೆ ಉಸಿರಾಟದ ತೊಂದರೆ ಆಯ್ತು. ಮೂರು ದಿನದಿಂದ ಬಿಡದ ಮಳೆ. ಜಿಪ್ಸಿ ಇದೆಯಲ್ಲ ಅನ್ನೋ ಧೈರ್ಯದಲ್ಲಿ ಅಜ್ಜಿಯನ್ನ ಮುಂದೆ ಕೂರಿಸಿಕೊಂಡು, ಫೋರ್ ವೀಲ್ ಲೋ ಹಾಕಿ ಹೊರಟೆ. ಅರ್ಧ ದಾರಿಯಲ್ಲಿ ಒಂದು ತಿರುವು. ನೀರು ರಸ್ತೆಯನ್ನ ಓರೆಯಾಗಿ ಕೊರೆದು ಕೊರಕಲು ಮಾಡಿತ್ತು. ಮುಂದಿನ ಎಡಚಕ್ರ ಗಾಳಿಯಲ್ಲಿ, ಹಿಂದಿನ ಬಲಚಕ್ರ ಗಾಳಿಯಲ್ಲಿ. ಆಕ್ಸಿಲರೇಟರ್ ಒತ್ತಿದರೆ ಅವೆರಡೇ ಗಿರಗಿರ ತಿರುಗ್ತವೆ, ನೆಲದಲ್ಲಿರೋ ಎರಡು ಸುಮ್ಮನೆ ನಿಂತಿವೆ. ಸಾಮಾನ್ಯ ಡಿಫರೆನ್ಷಿಯಲ್‌ನ ಬುದ್ಧಿಯೇ ಅಷ್ಟು. ಯಾವ ಚಕ್ರ ಸುಲಭವಾಗಿ ತಿರುಗುತ್ತೋ ಅದನ್ನೇ ತಿರುಗಿಸುತ್ತೆ.

ಕೊನೆಗೆ ಮಾವ, ತೋಟದ ಇಬ್ಬರು ಆಳುಗಳು ಮತ್ತು ನಾನು ಅಜ್ಜಿಯನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಟಾರು ರಸ್ತೆವರೆಗೆ ಹೊತ್ತುಕೊಂಡು ಹೋದೆವು. ಪಕ್ಕದ ತೋಟದವರ ಪಿಕಪ್ ಬಂತು. ಸಕಲೇಶಪುರದ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಅಜ್ಜಿ ಮನೆಗೆ ಬಂದರು. "ಪಲ್ಲಕ್ಕಿ ಮೆರವಣಿಗೆ ಆಯ್ತು ಬಿಡು ಮಗ" ಅಂತ ನಕ್ಕರು. ನನಗೆ ನಗು ಬರಲಿಲ್ಲ. ಛತ್ರಿ ಹಿಡಿದರೂ ಮಳೆ ಅವರ ಮುಖಕ್ಕೇ ಹೊಡೀತಿತ್ತು.

ಬೆಂಗಳೂರಿಗೆ ವಾಪಸ್ ಬಂದ ವಾರವೇ ಸ್ಪ್ರೆಡ್‌ಶೀಟ್ ಶುರು ಮಾಡಿದ್ದು.

ಇಂದಿರಾನಗರದಲ್ಲಿ ಭಾನುವಾರ ಬೆಳಿಗ್ಗೆ ಬೇಗ ಹನ್ನೆರಡನೇ ಮೇನ್ ಕಡೆ ಹೋದರೆ ಎತ್ತರಿಸಿದ ಥಾರ್, ಜಿಪ್ಸಿಗಳು ಕಾಫಿ ಕುಡಿಯೋಕೆ ಬಂದಿರುತ್ತವೆ. ಒಂದೊಂದರ ಟೈರೂ ನನ್ನ ಸೊಂಟದವರೆಗೆ. ಅವುಗಳಲ್ಲಿ ಎಷ್ಟು ಹಂಡ್ರೆಡ್ ಫೀಟ್ ರೋಡಿನ ಹಂಪಿಗಿಂತ ದೊಡ್ಡದು ಹತ್ತಿವೆ ಅಂತ ನಾನು ಕೇಳೋಕೆ ಹೋಗಲ್ಲ, ಅವರಲ್ಲಿ ನನ್ನ ಸ್ನೇಹಿತರೂ ಇದ್ದಾರೆ. ಅವರೇ ಹೇಳಿದ ಒಂದು ಗ್ಯಾರೇಜಿಗೆ ಹೋದೆ. ಹುಡುಗ ಜಿಪ್ಸಿ ಅಡಿಗೆ ಒಂದು ಸಲ ಟಾರ್ಚ್ ಬಿಟ್ಟು ನೋಡಿ ಹೇಳಿದ: ಸ್ಪ್ರಿಂಗ್ ಓವರ್ ಮಾಡಿಸಿ, 31 ಇಂಚು ಟೈರ್ ಹಾಕಿಸಿ, ಎಲ್ಲಾ ಸೇರಿ ಎರಡು ಲಕ್ಷ ನಲವತ್ತು ಸಾವಿರ.

ಸ್ಪ್ರಿಂಗ್ ಓವರ್ ಅಂದರೆ ಇಷ್ಟೇ. ಕಂಪನಿಯವರು ಜಿಪ್ಸಿಯ ಲೀಫ್ ಸ್ಪ್ರಿಂಗನ್ನ ಆಕ್ಸಲ್‌ನ ಅಡಿಯಲ್ಲಿ ಕಟ್ಟಿರ್ತಾರೆ. ಅದನ್ನ ಬಿಚ್ಚಿ ಆಕ್ಸಲ್ ಮೇಲೆ ಕೂರಿಸಿದರೆ ಗಾಡಿ ಹತ್ತಿರ ಹತ್ತಿರ ಐದು ಇಂಚು ಎದ್ದು ನಿಲ್ಲುತ್ತೆ. ಕೇಳೋಕೆ ಸಲೀಸು. ಆದರೆ ಸ್ಟೀರಿಂಗ್ ರಾಡಿನ ಕೋನ ಕೆಡುತ್ತೆ, ಬ್ರೇಕಿನ ಪೈಪು ಸಾಲದು, ಪ್ರೊಪೆಲ್ಲರ್ ಶಾಫ್ಟು ಉದ್ದ ಬೇಕು, ಆಕ್ಸಿಲರೇಟರ್ ಒತ್ತಿದಾಗ ಸ್ಪ್ರಿಂಗೇ ತಿರುಚಿಕೊಳ್ಳುತ್ತೆ. ದೊಡ್ಡ ಟೈರಿನ ಭಾರಕ್ಕೆ ಮುಂದಿನ ಆಕ್ಸಲ್ ತುದಿಯ ಜಾಯಿಂಟ್ ಮುರಿಯುತ್ತೆ. ಸ್ನೇಹಿತನೊಬ್ಬನದು ಕೋಲಾರದ ಹತ್ತಿರ ಹಾಗೇ ಮುರಿದು, ಫ್ಲಾಟ್‌ಬೆಡ್ ಮೇಲೆ ಮನೆಗೆ ಬಂತು. ಆಗ ಗಟ್ಟಿ ಶಾಫ್ಟು ಬೇಕು. ಟೈರ್ ದೊಡ್ಡದಾದರೆ ಎಳೆತ ಕಮ್ಮಿ, ಅದಕ್ಕೆ ಗೇರ್ ರೇಶಿಯೋ ಬದಲಾಯಿಸಬೇಕು. ನಿಲ್ಲಿಸೋಕೆ ಬ್ರೇಕು. ನಮ್ಮ ಕೆಲಸದಲ್ಲಿ ಒಂದು ಲೈಬ್ರರಿ ಅಪ್‌ಗ್ರೇಡ್ ಮಾಡೋಕೆ ಹೋಗಿ ಹದಿನೇಳು ಅಪ್‌ಗ್ರೇಡ್ ಮಾಡಿ, ಶುಕ್ರವಾರ ರಾತ್ರಿ ಎಲ್ಲಾ ವಾಪಸ್ ತೆಗೀತೀವಲ್ಲ, ಹಾಗೆ. ಇಲ್ಲಿ ವಾಪಸ್ ತೆಗೆಯೋಕೆ ವೆಲ್ಡಿಂಗ್ ಕತ್ತರಿಸಬೇಕು.

ಗ್ಯಾರೇಜಿನ ಹುಡುಗ ಹೇಳದ ಇನ್ನೊಂದು ವಿಷಯ ಮನೆಗೆ ಬಂದು ಪೆನ್ನು ಹಿಡಿದಾಗ ಹೊಳೀತು. ಗಾಡಿಯ ಅಡಿಯಲ್ಲಿ ನೆಲಕ್ಕೆ ತೀರಾ ಹತ್ತಿರ ಇರೋದು ಡಿಫರೆನ್ಷಿಯಲ್ ಗುಂಡು. ಅದು ಆಕ್ಸಲ್‌ನಲ್ಲೇ ಇರೋದು. ಸ್ಪ್ರಿಂಗ್ ಎಷ್ಟೇ ಎತ್ತರಿಸಿ, ಮೇಲೇಳೋದು ಬಾಡಿ ಮಾತ್ರ, ಗುಂಡು ಇದ್ದಲ್ಲೇ ಇರುತ್ತೆ. ಅದನ್ನ ಎತ್ತೋದು ಟೈರು ಒಂದೇ, ಅದೂ ಹೆಚ್ಚಿದ ಅಗಲದ ಅರ್ಧದಷ್ಟು. ನನ್ನ ಗಾಡಿಯ 205/70 ಆರ್15 ಟೈರಿನ ವ್ಯಾಸ 668 ಮಿಲಿಮೀಟರ್. 31 ಇಂಚಿನದು 787. ವ್ಯತ್ಯಾಸ 119, ಅದರಲ್ಲಿ ಅರ್ಧ 60. ಎರಡೂಕಾಲು ಲಕ್ಷ ಚಿಲ್ಲರೆಗೆ ಗುಂಡಿನ ಅಡಿಯಲ್ಲಿ ಸಿಗೋದು ಆರು ಸೆಂಟಿಮೀಟರ್ ಜಾಗ. ಅದೂ ಸಾಲದು ಅನ್ನೋರಿಗೆ ಪೋರ್ಟಲ್ ಆಕ್ಸಲ್ ಇದೆ, ಮರ್ಸಿಡಿಸ್ ಯೂನಿಮಾಗ್‌ನಲ್ಲಿರೋದು. ಚಕ್ರದ ಹತ್ತಿರ ಗೇರ್ ಇಟ್ಟು ಇಡೀ ಆಕ್ಸಲನ್ನೇ ಚಕ್ರದ ನಡುವಿಗಿಂತ ಮೇಲೆ ತರ್ತಾರೆ. ಸ್ಪ್ರೆಡ್‌ಶೀಟಿನಲ್ಲಿ ಅದಕ್ಕೂ ಒಂದು ಸಾಲು ಇತ್ತು, ಕೆಂಪು ಬಣ್ಣದಲ್ಲಿ.

ಶಿವಾಜಿನಗರಕ್ಕೆ ಹೋಗಿದ್ದು ಅದಾದ ಮೇಲೆ. ಜೀಪಿನ ಗಟ್ಟಿ ಆಕ್ಸಲ್ ಹಳೇದು ತಂದು ಕೂರಿಸಿದರೆ ಅಗ್ಗವಾದೀತು ಅನ್ನೋ ಆಸೆ. ಭಾಯ್ ಚಹಾ ಮುಗಿಸಿ ಹೇಳಿದರು. "ಹಾಕಬಹುದು ಸಾರ್, ಯಾಕಾಗಲ್ಲ. ಅದರ ತೂಕ ನೋಡಿದ್ರಲ್ಲ, ನಿಮ್ಮ ಇಂಜಿನ್ ಅದನ್ನ ಎಳೀಬೇಕು. ಹಲಸೂರಲ್ಲಿ ಒಬ್ಬರು ಹಿರಿಯರು ಇದ್ದಾರೆ, ಮಿಲಿಟರಿ ವರ್ಕ್‌ಶಾಪಿನವರು. ಮೊದಲು ಅವರಿಗೆ ಗಾಡಿ ತೋರಿಸಿ."

1809ರ ಸುಮಾರಿಗೆ ಬ್ರಿಟಿಷರು ಬೆಂಗಳೂರಿಗೆ ದಂಡು ತಂದು ಕೂರಿಸಿದ್ದು ಹಲಸೂರಿನ ಸುತ್ತಮುತ್ತ. ಇವತ್ತಿಗೂ ಕೆರೆ ದಂಡೆಯಿಂದ ಸ್ವಲ್ಪ ದೂರ ಹೋದರೆ ಮದ್ರಾಸ್ ಇಂಜಿನಿಯರ್ ಗ್ರೂಪಿನ ಕಾಂಪೌಂಡ್ ಗೋಡೆ ಮುಗಿಯೋದೇ ಇಲ್ಲ. ಆ ಗೋಡೆಗಳ ಒಳಗೆ ಜೀಪು, ಜೋಂಗಾ, ಜಿಪ್ಸಿ ರಿಪೇರಿ ಮಾಡಿ ಕೈ ಪಳಗಿದ ಎಷ್ಟೋ ಜನ ನಿವೃತ್ತಿ ಆದ ಮೇಲೆ ಅಲ್ಲೇ ಗಲ್ಲಿಗಳಲ್ಲಿ ಸಣ್ಣ ಶೆಡ್ ಹಾಕಿಕೊಂಡಿದ್ದಾರೆ. ಭಾಯ್ ಹೇಳಿದವರು ಎಪ್ಪತ್ತು ದಾಟಿದವರು. ಮಾತು ಅರ್ಧ ತಮಿಳು, ಅರ್ಧ ಕನ್ನಡ. ನಾನು ಫೋನ್ ತೆಗೆದು ಶೀಟ್ ತೋರಿಸೋಕೆ ಹೋದೆ. ಅವರು ಕನ್ನಡಕ ಹಾಕಿಕೊಳ್ಳಲೇ ಇಲ್ಲ.

"ತಂಬಿ, ಅದು ಇರಲಿ. ಬಂಪರ್ ಮೇಲೆ ನಿಂತು ಕುಣಿ."

ಕುಣಿದೆ. ಗಲ್ಲಿಯ ಮಕ್ಕಳು ನೋಡೋಕೆ ಬಂದರು. ಗಾಡಿ ಅಲ್ಲಾಡಲಿಲ್ಲ. ನನ್ನ ತೂಕ ಎಂಬತ್ತೆರಡು ಕಿಲೋ, ಅಲ್ಲಾಡಲೇಬೇಕಿತ್ತು.

ಆಮೇಲೆ ಎರಡು ಹಾಲೋ ಬ್ಲಾಕ್ ಜೋಡಿಸಿ, ಮುಂದಿನ ಎಡಚಕ್ರ ಅದರ ಮೇಲೆ ಹತ್ತಿಸೋಕೆ ಹೇಳಿದರು. ಹತ್ತಿಸಿದ ಕೂಡಲೇ ಹಿಂದಿನ ಎಡಚಕ್ರ ನೆಲದಿಂದ ಎದ್ದೇಬಿಡ್ತು. ಒಂದು ಅಡಿಯೂ ಇಲ್ಲದ ಎತ್ತರಕ್ಕೆ! ಅವರು ಕೂತು ಸ್ಪ್ರಿಂಗ್‌ನ ತುದಿಯ ಶ್ಯಾಕಲ್ ಮುಟ್ಟಿ ತೋರಿಸಿದರು. ಸ್ಪ್ರಿಂಗ್ ಹಿಗ್ಗಿದಾಗ ಕುಗ್ಗಿದಾಗ ಈ ಕೊಂಡಿ ಬಾಗಿಲಿನ ತಿರುಗಣಿ ಹಾಗೆ ಆಡಬೇಕು. ನನ್ನದರಲ್ಲಿ ಬೋಲ್ಟು ಬುಷ್‌ನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪಟ್ಟಿಗಳ ಮಧ್ಯೆ ತುಕ್ಕು ಸೇರಿ ಎಲ್ಲಾ ಒಂದೇ ದಪ್ಪ ಕಬ್ಬಿಣ ಆಗಿಬಿಟ್ಟಿತ್ತು. ಸಾಲದ್ದಕ್ಕೆ ಯಾವುದೋ ಕಾಲದಲ್ಲಿ ಯಾವುದೋ ಗ್ಯಾರೇಜಿನವರು ಲಗೇಜ್ ಭಾರ ತಡೀಲಿ ಅಂತ ಹಿಂದೆ ಒಂದೊಂದು ಪಟ್ಟಿ ಜಾಸ್ತಿ ಸೇರಿಸಿದ್ದರು.

"ಇದು ಸ್ಪ್ರಿಂಗ್ ಇಲ್ಲ, ರೈಲ್ವೆ ಕಂಬಿ. ಕಡೇದಾಗಿ ಬಿಚ್ಚಿ ನೋಡಿದ್ದು ಯಾವಾಗ?"

ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿದೆ. "ಅದನ್ನ ಬಿಚ್ಚಬೇಕಾ?" ಅಂದರು.

ಗ್ಯಾರೇಜಿನ ಹುಡುಗ ಟಾರ್ಚ್ ಬಿಟ್ಟಿದ್ದೂ ಇದೇ ಸ್ಪ್ರಿಂಗ್ ಮೇಲೆ. ನಾನು ಎರಡು ವರ್ಷ ಓಡಿಸಿದ್ದೂ ಇದೇ ಗಾಡಿ. ಜುಲೈ ರಾತ್ರಿ ಚಕ್ರ ಗಾಳಿಯಲ್ಲಿ ನಿಂತಿದ್ದು ಜಿಪ್ಸಿಯ ಸಾಮರ್ಥ್ಯ ಅಷ್ಟೇ ಅಂತ ಅಲ್ಲ. ಕಂಪನಿ ಕೊಟ್ಟಿದ್ದರಲ್ಲಿ ಎಷ್ಟು ಉಳಿದಿದೆ ಅಂತಲೇ ನೋಡದೆ, ಅದರ ಮೇಲೆ ಎಷ್ಟು ಸೇರಿಸಬೇಕು ಅಂತ ಮೂರು ತಿಂಗಳು ಲೆಕ್ಕ ಹಾಕಿದ್ದೆ. ಆಫೀಸಿನಲ್ಲಿ ಜೂನಿಯರ್‌ಗಳಿಗೆ ಮೊದಲು ಅಳೆಯಿರಿ, ಆಮೇಲೆ ಬದಲಾಯಿಸಿ ಅಂತ ಪಾಠ ಹೇಳೋನು ನಾನೇ.

ಕಾಲೇಜಿನಲ್ಲಿದ್ದಾಗ ಕೊಲ್ಲೂರಿಂದ ಕೊಡಚಾದ್ರಿಗೆ ಜೀಪಿನಲ್ಲಿ ಹೋಗಿದ್ದು ಆಗ ನೆನಪಾಯ್ತು. ನೀವೂ ಹೋಗಿರಬಹುದು. 1343 ಮೀಟರ್ ಎತ್ತರದ ಬೆಟ್ಟ, ರಸ್ತೆ ಅಂತ ಕರೆಯೋಕೆ ಆಗದ ರಸ್ತೆ. ಒಳಗೆ ಎಂಟು ಜನ, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ. ನಮ್ಮ ಜೀಪಿಗೆ ದೊಡ್ಡ ಟೈರೂ ಇರಲಿಲ್ಲ, ಲಿಫ್ಟೂ ಇರಲಿಲ್ಲ. ಆದರೆ ಚಕ್ರ ಗುಂಡಿಗೆ ಇಳಿದಾಗ ನೆಲ ಬಿಡದೆ ಇಳೀತಿತ್ತು, ಕಲ್ಲು ಹತ್ತಿದಾಗ ಬಾಡಿಗಿಂತ ಮೊದಲು ಹತ್ತುತ್ತಿತ್ತು. ಮೇಲೆ ತಲುಪಿದ ಮೇಲೆ ನಾವು ಫೋಟೋ ತೆಗೀತಾ ಇದ್ದರೆ ಡ್ರೈವರ್ ಅಡಿಗೆ ಬಗ್ಗಿ ಯು-ಬೋಲ್ಟ್ ತಟ್ಟಿ ನೋಡ್ತಿದ್ದರು. ಆಗ ಅದು ಏನು ಅಂತಲೂ ನನಗೆ ಗೊತ್ತಿರಲಿಲ್ಲ.

ಹಿರಿಯರು ಸ್ಪ್ರಿಂಗ್ ಕೆಲಸಕ್ಕೆ ಕೆ.ಆರ್.ಪುರಕ್ಕೆ ಹೋಗು ಅಂದರು. ನಾನಿರೋದೇ ಅಲ್ಲಿ, ಆಫೀಸಿಗೆ ಹೋಗ್ತಾ ದಿನಾ ದಾಟೋದು ತೂಗುಸೇತುವೆ. ಅದನ್ನ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಭಟ್ಟರಹಳ್ಳಿ ಕಡೆ ಹೋದರೆ ಲಾರಿಗಳ ಲೋಕ. (ಒಂದು ಅಡ್ಡಮಾತು: ಈ ರಸ್ತೆ ರಾಷ್ಟ್ರೀಯ ಹೆದ್ದಾರಿ 75. ಸಕಲೇಶಪುರಕ್ಕೆ ಹೋಗೋದೂ ಅದೇ 75. ನಮ್ಮ ಮನೆ ಮುಂದಿನ ಟ್ರಾಫಿಕ್ ಜಾಮೂ ಅಜ್ಜಿ ಮನೆ ದಾರಿಯೂ ಒಂದೇ ನಂಬರಿನವು ಅಂತ ಗೊತ್ತಾದ ದಿನ ನನಗೆ ಯಾಕೋ ಖುಷಿಯಾಯ್ತು.) ಅಲ್ಲಿ ಲೀಫ್ ಸ್ಪ್ರಿಂಗ್ ಅಂದರೆ ಯಾರೂ ತಿರುಗಿ ನೋಡಲ್ಲ, ಕಮಾನ್ ಪಟ್ಟಿ ಅನ್ನಬೇಕು.

ಶೆಡ್‌ನಲ್ಲಿ ಹತ್ತು ಚಕ್ರದ ಲಾರಿ ಪಕ್ಕ ನನ್ನ ಜಿಪ್ಸಿ ಆಟದ ಸಾಮಾನಿನ ಹಾಗೆ ನಿಂತಿತ್ತು. ಮೇಸ್ತ್ರಿ ನಾಲ್ಕೂ ಕಟ್ಟು ಇಳಿಸಿ, ಸೆಂಟರ್ ಬೋಲ್ಟ್ ಕತ್ತರಿಸಿ, ಪಟ್ಟಿ ಒಂದೊಂದಾಗಿ ಬಿಡಿಸಿದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಬಿಲ್ಲು ಬರೆದರು. ಪ್ರತಿ ಪಟ್ಟಿಯನ್ನ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಇಂಚಿಂಚಾಗಿ ಬಡಿದು, ಗೆರೆ ಮೇಲಿಟ್ಟು ನೋಡಿ, ಮತ್ತೆ ಬಡಿದರು. ಬೆಂಕಿ ಹಾಕಲ್ವಾ ಅಂತ ಕೇಳಿದೆ. "ಬೆಂಕಿ ಹಾಕಿದ್ರೆ ಹದ ಹೋಗತ್ತೆ, ನಾಕು ತಿಂಗಳಿಗೆ ಮತ್ತೆ ಕೂತ್ಕೊಳತ್ತೆ" ಅಂದರು. ಮಧ್ಯಾಹ್ನದವರೆಗೆ ಅದೇ ಸದ್ದು. ನಾನು ಪಕ್ಕದಲ್ಲಿ ಟೈರಿನ ಮೇಲೆ ಕೂತು ಲ್ಯಾಪ್‌ಟಾಪಲ್ಲಿ ಮೀಟಿಂಗ್ ಮಾಡಿದೆ, ಮ್ಯೂಟ್ ತೆಗೆದಾಗಲೆಲ್ಲ ಎಲ್ಲರೂ ಬೆಚ್ಚಿಬೀಳೋರು.

ಜಾಸ್ತಿ ಸೇರಿಸಿದ್ದ ಪಟ್ಟಿ ತೆಗೆಸಿದೆ. ಪಟ್ಟಿಗಳ ಮಧ್ಯೆ ಗ್ರಾಫೈಟ್ ಗ್ರೀಸ್, ಹೊಸ ಬುಷ್, ಹೊಸ ಬೋಲ್ಟ್, ಹೊಸ ಯು-ಬೋಲ್ಟ್. ಐನೂರು ಕಿಲೋಮೀಟರ್ ಓಡಿಸಿ ಮತ್ತೆ ಬಿಗಿ ಮಾಡಿಸಬೇಕು ಅಂತ ಎರಡು ಸಲ ಹೇಳಿದರು. ಶಾಕ್ ಅಬ್ಸಾರ್ಬರ್ ನಾಲ್ಕೂ ಸೋರ್ತಿದ್ದವು, ಬದಲಾಯಿಸಿದೆ. ಟೈರು ಕಂಪನಿ ಅಳತೆಯದ್ದೇ, ಆದರೆ ಕೆಸರಿಗೆ ಹಿಡಿಯುವ ದಪ್ಪ ಹಲ್ಲಿನದು. ಎಲ್ಲಾ ಸೇರಿ ಐವತ್ತೊಂದು ಸಾವಿರ. ಗಾಡಿ ಒಂದೂಕಾಲು ಇಂಚು ಮೇಲೆ ಬಂತು, ಅಂದರೆ ಇಷ್ಟು ವರ್ಷದಲ್ಲಿ ಕುಸಿದಿದ್ದು ವಾಪಸ್ ಬಂತು.

ಅಲ್ಲಿಗೇ ನಿಲ್ಲಿಸಿದ್ದು ಯಾಕೆ ಅಂತ ಇಂದಿರಾನಗರದ ಸ್ನೇಹಿತರು ಇನ್ನೂ ಕೇಳ್ತಾರೆ. ದುಡ್ಡು ಒಂದು ಕಾರಣ, ಸುಳ್ಳು ಹೇಳಲ್ಲ. ಕಾನೂನು ಇನ್ನೊಂದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ ಐದು ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಬಂತು. ನನ್ನ ಜಿಪ್ಸಿಗೆ ಹದಿನೈದು ವರ್ಷ ಮುಗಿದು 2022ರಲ್ಲಿ ನೋಂದಣಿ ನವೀಕರಣ ಆಗಿದೆ, ಮುಂದಿನದು 2027ರಲ್ಲಿ. ಐದು ಇಂಚು ಎತ್ತರಿಸಿದ ಗಾಡಿಯನ್ನ ಫಿಟ್‌ನೆಸ್‌ಗೆ ತಗೊಂಡು ಹೋಗಿ ಇನ್‌ಸ್ಪೆಕ್ಟರ್ ಮುಂದೆ ಹಲ್ಲು ಕಿರಿಯೋ ಧೈರ್ಯ ನನಗಿಲ್ಲ. ಆಮೇಲೆ ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಬಾಗಿಲಲ್ಲಿ ಎತ್ತರ ಮಿತಿ 2 ಮೀಟರ್ ಅಂತ ಬೋರ್ಡಿದೆ. ಟೇಪ್ ಹಿಡಿದು ಅಳೆದೆ. ಈಗ ಜಿಪ್ಸಿ 1.87. ಐದು ಇಂಚು, ಟೈರಿನ ಆರು ಸೆಂಟಿಮೀಟರ್ ಸೇರಿಸಿ ನೀವೇ ಲೆಕ್ಕ ಹಾಕಿ.

ಆದರೆ ಇವೆಲ್ಲಕ್ಕಿಂತ ಮೊದಲು ತೀರ್ಮಾನ ಆಗಿದ್ದು ದೀಪಾವಳಿಗೆ ಊರಿಗೆ ಹೋದಾಗ. ಆಗಿನ್ನೂ ಹಲಸೂರಿಗೆ ಹೋಗಿರಲಿಲ್ಲ. ಸ್ನೇಹಿತನ ಎತ್ತರಿಸಿದ ಜಿಪ್ಸಿಯ ಫೋಟೋ ಅಜ್ಜಿಗೆ ತೋರಿಸಿ, ನಮ್ಮದನ್ನೂ ಹೀಗೆ ಮಾಡಿಸ್ತೀನಿ, ಇನ್ನು ಯಾವ ಮಳೇಲೂ ನಿಲ್ಲಲ್ಲ ಅಂದೆ. ಅಜ್ಜಿ ಫೋನನ್ನ ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಚೆನ್ನಾಗದೆ ಮಗ. ನಾನು ಹತ್ತೋದು ಹೆಂಗೆ?"

ಜುಲೈ ರಾತ್ರಿ ಅವರನ್ನ ಸೀಟಿಗೆ ಹತ್ತಿಸೋಕೇ ಮಾವ ಹಿಂದಿನಿಂದ ತಳ್ಳಿದ್ದರು. ಇದ್ದ ಎತ್ತರಕ್ಕೇ ಅಷ್ಟು. ನಾನು ಆ ಗಾಡಿಯನ್ನ ಏಳೂವರೆ ಇಂಚು ಎತ್ತರಿಸೋಕೆ ಹೊರಟಿದ್ದೆ, ಅವರಿಗೋಸ್ಕರ.

ಈ ಜೂನ್‌ನಲ್ಲಿ ಮಳೆ ಶುರುವಾದ ಎರಡನೇ ವಾರ ಹೋದೆ. ಆ ತಿರುವಿಗೆ ಮಾವ ಬೇಸಿಗೆಯಲ್ಲೇ ಎರಡು ಟ್ರ್ಯಾಕ್ಟರ್ ಲೋಡ್ ಕಲ್ಲು ಹಾಕಿಸಿದ್ದರು. ನನ್ನ ಐವತ್ತೊಂದು ಸಾವಿರಕ್ಕಿಂತ ಎಷ್ಟೋ ಕಮ್ಮಿಯಲ್ಲಿ! ನೀರು ಸುಮ್ಮನಿರುತ್ತಾ, ಅದರ ಪಕ್ಕದಲ್ಲೇ ಹೊಸ ಕೊರಕಲು ತೋಡಿತ್ತು. ಫೋರ್ ವೀಲ್ ಲೋ ಹಾಕಿ ನಿಧಾನವಾಗಿ ಇಳಿಸಿದೆ. ಮುಂದಿನ ಎಡಚಕ್ರ ಕೆಳಗೆ ಇಳೀತು, ಇಳೀತಾನೇ ಹೋಯ್ತು, ನೆಲ ಬಿಡಲಿಲ್ಲ. ಹಿಂದಿನ ಬಲಚಕ್ರ ಒಂದು ಕ್ಷಣ ಹಗುರಾದ ಹಾಗೆ ಅನಿಸಿ, ಸ್ವಲ್ಪ ತಿರುಗಿ, ಮತ್ತೆ ಹಿಡೀತು. ಆ ಒಂದು ಕ್ಷಣದ ಕಾರಣಕ್ಕೆ ಹಿಂದಿನ ಡಿಫರೆನ್ಷಿಯಲ್‌ಗೆ ಲಾಕರ್ ಹಾಕಿಸಬೇಕಾ ಅನ್ನೋ ಸಾಲು ಶೀಟಿನಲ್ಲಿ ಇನ್ನೂ ಉಳಿದಿದೆ. ಹಾಕಿದರೆ ಎರಡೂ ಚಕ್ರ ಒಟ್ಟಿಗೇ ತಿರುಗುತ್ತವೆ, ಒಂದು ಗಾಳಿಯಲ್ಲಿದ್ದರೂ ಇನ್ನೊಂದು ತಳ್ಳುತ್ತೆ. ಎತ್ತರವೂ ಹೆಚ್ಚಲ್ಲ. ಆದರೆ ಹೊರದೇಶದಿಂದ ತರಿಸಬೇಕು, ಒದ್ದೆ ಟಾರು ರಸ್ತೆಯ ತಿರುವಿನಲ್ಲಿ ಗಾಡಿ ಹೇಗೆ ನಡ್ಕೊಳ್ಳುತ್ತೆ ಅನ್ನೋ ಭಯವೂ ಇದೆ. ಈ ಮಳೆಗಾಲ ನೋಡಿ ಹೇಳ್ತೀನಿ.

ಮಾರನೇ ದಿನ ಅಜ್ಜಿಯನ್ನ ತಿಂಗಳ ಚೆಕಪ್‌ಗೆ ಸಕಲೇಶಪುರಕ್ಕೆ ಕರ್ಕೊಂಡು ಹೋಗಬೇಕಿತ್ತು. ಅವರು ಒಳಗಿಂದ ಊಟಕ್ಕೆ ಕೂರೋ ಹಲಸಿನ ಮಣೆ ತಂದು ಜಿಪ್ಸಿ ಬಾಗಿಲ ಕೆಳಗೆ ಇಟ್ಟರು. ಅದರ ಮೇಲೆ ಒಂದು ಕಾಲು, ಆಮೇಲೆ ಬಾಗಿಲ ಹಿಡಿಕೆ, ಆಮೇಲೆ ಸೀಟು. ಮಾವನ ಕೈ ಬೇಕಾಗಲಿಲ್ಲ.

"ಮಣೆ ಒಳಗಿಡು ಮಗ, ಅಲ್ಲಿ ಇಳಿಯೋಕೂ ಬೇಕಲ್ಲ" ಅಂದರು.

ಜ್ಯಾಕ್ ಪಕ್ಕ ಇಟ್ಟೆ. ಈಗಲೂ ಅಲ್ಲೇ ಇದೆ.